ಬೀದಿಯ ಹಬ್ಬವೂ ಒಂದು ಔಷಧ, ಪ್ರಮಾಣ ಮೀರದಿರಲಿ

ಭಾದ್ರಪದ ಬಂತೆಂದರೆ ಬೆಂಗಳೂರಿನ ಬೀದಿ ಬೀದಿಗಳಲ್ಲಿ ಚಪ್ಪರ ಏಳುತ್ತದೆ. ಗಣೇಶನನ್ನು ಕಳಿಸಿಕೊಟ್ಟು ಸುಧಾರಿಸಿಕೊಳ್ಳುವಷ್ಟರಲ್ಲಿ ರಾಜ್ಯೋತ್ಸವ. ಅದು ನವೆಂಬರ್ 1ಕ್ಕೆ ಮುಗಿಯದೆ ಒಂದೊಂದು ಬಡಾವಣೆಯಲ್ಲಿ ಒಂದೊಂದು ದಿನದಂತೆ ತಿಂಗಳಿಡೀ ನಡೆಯುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ, ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆ, ಚೈತ್ರದಲ್ಲಿ ಕರಗ, ಚಾಮರಾಜಪೇಟೆಯಲ್ಲಿ 1939ರಿಂದ ನಡೆದುಬಂದಿರುವ ರಾಮನವಮಿ ಸಂಗೀತೋತ್ಸವ, ನಡುನಡುವೆ ಅಣ್ಣಮ್ಮ ದೇವಿಯ ಉತ್ಸವ. ಹೀಗೆ ಇಲ್ಲಿ ವರ್ಷವಿಡೀ ಏನಾದರೊಂದು ಇದ್ದೇ ಇರುತ್ತದೆ.

ಹಬ್ಬದ ವಿಷಯಕ್ಕೂ ಆರೋಗ್ಯದ ಅಂಕಣಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ಬೀದಿಯ ಹಬ್ಬ ಜನರ ಆರೋಗ್ಯಕ್ಕೆ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಆದರೆ ನಾವು ಈಗ ಅದನ್ನು ಆಚರಿಸುತ್ತಿರುವ ರೀತಿಯಲ್ಲಿ, ಯಾರಿಗೆ ಅದು ಅತ್ಯಂತ ಅಗತ್ಯವೋ ಅವರೇ ಕಿಟಕಿ ಬಾಗಿಲು ಮುಚ್ಚಿಕೊಂಡು ಒಳಗೆ ಕೂರುವಂತಾಗಿದೆ.

ಒಂಟಿತನದ ಕಾಯಿಲೆ

ಸಾಮಾನ್ಯ ವೈದ್ಯನ ಬಳಿ ಬರುವ ಹಿರಿಯರಲ್ಲಿ ಹಲವರು ಹೇಳುವ ದೂರುಗಳು ಒಂದೇ ತೆರನಾಗಿರುತ್ತವೆ. ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮೈಕೈ ನೋವು, ಎದೆ ಭಾರ. ರಕ್ತ ಪರೀಕ್ಷೆ, ಇ.ಸಿ.ಜಿ. ಎಲ್ಲ ಮಾಡಿಸಿದರೂ ಏನೂ ಸಿಗುವುದಿಲ್ಲ. ಮಾತಿಗೆಳೆದರೆ ವಿಷಯ ಹೊರಬರುತ್ತದೆ. ಮಗ ಹೊರದೇಶದಲ್ಲಿ, ಸೊಸೆ ಕೆಲಸಕ್ಕೆ ಹೋಗುವವಳು, ಮೊಮ್ಮಕ್ಕಳಿಗೆ ಶಾಲೆ ಮತ್ತು ಟ್ಯೂಷನ್. ಬೆಳಗಿನಿಂದ ಸಂಜೆಯವರೆಗೆ ಮಾತಾಡಲು ಯಾರೂ ಇಲ್ಲ. ಪಕ್ಕದ ಮನೆಯವರ ಹೆಸರೂ ಗೊತ್ತಿಲ್ಲ. ಇಂಥವರಿಗೆ ಬರೆದುಕೊಡಲು ನನ್ನಲ್ಲಿ ಮಾತ್ರೆಯಿಲ್ಲ.

ಒಂಟಿತನವನ್ನು ಬರೀ ಮನಸ್ಸಿನ ಬೇಸರವೆಂದು ತಳ್ಳಿಹಾಕುವಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನಲ್ಲಿ ಪ್ರತಿ 6 ಜನರಲ್ಲಿ ಒಬ್ಬರು ಒಂಟಿತನ ಅನುಭವಿಸುತ್ತಿದ್ದಾರೆ. ವರ್ಷಕ್ಕೆ ಸುಮಾರು 8 ಲಕ್ಷದ 71 ಸಾವಿರ ಸಾವುಗಳಿಗೆ ಅದರ ನಂಟಿದೆ ಎಂದು ಅಂದಾಜಿಸಲಾಗಿದೆ. ಹೃದ್ರೋಗ, ಪಾರ್ಶ್ವವಾಯು, ಸಕ್ಕರೆ ಕಾಯಿಲೆ, ಖಿನ್ನತೆ, ಮರೆವಿನ ಕಾಯಿಲೆ ಇವೆಲ್ಲ ಒಂಟಿಯಾಗಿರುವವರಲ್ಲಿ ಹೆಚ್ಚು.

ಇದಕ್ಕೆ ಎದುರಾಗಿ ಇನ್ನೊಂದು ಅಧ್ಯಯನವನ್ನು ನೋಡಿ. ಇಂಗ್ಲೆಂಡಿನಲ್ಲಿ 50 ವರ್ಷ ದಾಟಿದ 6,000ಕ್ಕೂ ಹೆಚ್ಚು ಜನರನ್ನು 14 ವರ್ಷಗಳ ಕಾಲ ಗಮನಿಸಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಸಂಗೀತ ಕಛೇರಿ, ನಾಟಕ, ಕಲಾಪ್ರದರ್ಶನಗಳಿಗೆ ಕೆಲವು ತಿಂಗಳಿಗೊಮ್ಮೆಯಾದರೂ ಹೋಗುತ್ತಿದ್ದವರಲ್ಲಿ, ಎಂದೂ ಹೋಗದವರಿಗಿಂತ ಸಾವಿನ ಸಂಭವ ಶೇಕಡ 31ರಷ್ಟು ಕಡಿಮೆಯಿತ್ತು. ಆರೋಗ್ಯ ಚೆನ್ನಾಗಿರುವವರು, ಹಣವಿರುವವರು ಹೊರಗೆ ಹೋಗುವುದು ಹೆಚ್ಚು ತಾನೆ ಎಂದು ನೀವು ಹೇಳಿದರೆ ಅದು ನ್ಯಾಯವಾದ ಪ್ರಶ್ನೆ. ಅಂಥ ಕಾರಣಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಉಳಿದ ವ್ಯತ್ಯಾಸವಿದು. ನಾಟಕ ನೋಡಿದರೆ ಆಯುಸ್ಸು ಹೆಚ್ಚುತ್ತದೆ ಎಂದು ಇದರಿಂದ ಸಾಧಿಸಲಾಗದು. ಆದರೆ ಮನೆಯಿಂದ ಹೊರಬಂದು ನಾಲ್ಕು ಜನರೊಡನೆ ಕುಳಿತು ಕಲೆಯನ್ನು ಸವಿಯುವುದು ದಂಡದ ಕೆಲಸವಲ್ಲ ಎಂದಂತೂ ಧೈರ್ಯವಾಗಿ ಹೇಳಬಹುದು.

ನಮ್ಮ ಬೀದಿಯ ಹಬ್ಬ ಇದನ್ನೆಲ್ಲ ಬಿಟ್ಟಿಯಾಗಿ, ಮನೆ ಬಾಗಿಲಿಗೇ ತಂದುಕೊಡುತ್ತದೆ. ಟಿಕೆಟ್ ಬೇಕಿಲ್ಲ, ಬಸ್ಸು ಹತ್ತಬೇಕಿಲ್ಲ. ಪಾಲ್ಗೊಂಡರೆ ಲಾಭ ಇನ್ನೂ ಹೆಚ್ಚು. ಕೋಲಾಟಕ್ಕೆಂದು ಮೂರು ವಾರ ಸಂಜೆ ಅಭ್ಯಾಸ ಮಾಡುವ ಹೆಂಗಸರಿಗೆ ಅದೇ ವ್ಯಾಯಾಮ. 65 ದಾಟಿದವರು ವಾರದಲ್ಲಿ ಕನಿಷ್ಠ 3 ದಿನ ದೇಹದ ಸಮತೋಲನ ಹಾಗೂ ಸ್ನಾಯುಬಲ ಹೆಚ್ಚಿಸುವ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಳುವುದನ್ನು ತಪ್ಪಿಸಲು, ಸೊಂಟದ ಮೂಳೆ ಮುರಿಯದಂತೆ ಕಾಪಾಡಿಕೊಳ್ಳಲು ಅದು ಬೇಕು. ತಾಳಕ್ಕೆ ಸರಿಯಾಗಿ ಹೆಜ್ಜೆ ಹಾಕಿ ತಿರುಗುವ ಕೋಲಾಟಕ್ಕಿಂತ ಒಳ್ಳೆಯ ಸಮತೋಲನದ ಅಭ್ಯಾಸ ಯಾವುದಿದೆ?

ಕಿವಿಯೂ ಹೃದಯವೂ

ಈಗ ಎರಡನೆಯ ಮಾತು. ವೇದಿಕೆಯ ಎರಡೂ ಪಕ್ಕದಲ್ಲಿ ಆಳೆತ್ತರ ಜೋಡಿಸುವ ಧ್ವನಿಪೆಟ್ಟಿಗೆಗಳು ಈ ಔಷಧವನ್ನು ವಿಷವಾಗಿಸುತ್ತಿವೆ.

ನಮ್ಮ ಒಳಕಿವಿಯಲ್ಲಿ ಕೂದಲಿನಂಥ ಎಳೆಗಳುಳ್ಳ ಸೂಕ್ಷ್ಮ ಕೋಶಗಳಿವೆ. ಶಬ್ದವನ್ನು ನರಗಳಿಗೆ ತಲುಪಿಸುವುದು ಅವೇ. ಅತಿಯಾದ ಸದ್ದಿನಿಂದ ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆಯವರೆಗೆ ತಡೆದುಕೊಳ್ಳಬಹುದು ಎಂಬುದು ತಜ್ಞರ ಲೆಕ್ಕ. ಸದ್ದು 3 ಡೆಸಿಬೆಲ್ ಹೆಚ್ಚಿದಂತೆಲ್ಲ ಈ ಅವಧಿ ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಆದರೆ ಬರೀ 15 ನಿಮಿಷ. ಅಳೆಯುವ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೂ ಒಂದು ಸುಲಭ ಉಪಾಯವಿದೆ. ಕೈಯಳತೆಯ ದೂರದಲ್ಲಿ ನಿಂತವರೊಡನೆ ದನಿ ಎತ್ತರಿಸಿ ಮಾತಾಡಬೇಕಾಗಿ ಬಂದರೆ ಅಲ್ಲಿನ ಸದ್ದು 85 ದಾಟಿದೆ ಎಂದೇ ತಿಳಿಯಿರಿ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಧ್ವನಿಪೆಟ್ಟಿಗೆಯ ಮುಂದೆ ನಿಲ್ಲುವ ತಂದೆಯರು ಇದನ್ನು ಗಮನಿಸಬೇಕು. ಕಿವಿಗೆ ತುರುಕುವ ಹತ್ತಿಯಿಂದ ಹೆಚ್ಚು ಪ್ರಯೋಜನವಿಲ್ಲ. ದೂರ ಸರಿಯುವುದೇ ಮದ್ದು. ಮಾರನೆಯ ದಿನವೂ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಅಥವಾ ಮಂದತನ ಉಳಿದಿದ್ದರೆ ತಡಮಾಡದೆ ಕಿವಿ ತಜ್ಞರನ್ನು ಕಾಣಿ.

ರಾತ್ರಿಯ ಸದ್ದು ಕಿವಿಗಷ್ಟೇ ಸೀಮಿತವಲ್ಲ. ನೀವು ಎಚ್ಚರಗೊಳ್ಳದಿದ್ದರೂ ದೇಹ ಅದನ್ನು ಕೇಳಿಸಿಕೊಳ್ಳುತ್ತದೆ. ಒತ್ತಡದ ಹಾರ್ಮೋನುಗಳು ಏರುತ್ತವೆ, ಎದೆಬಡಿತ ಮತ್ತು ರಕ್ತದೊತ್ತಡ ಹೆಚ್ಚುತ್ತವೆ. ಹೃದ್ರೋಗಿಗಳಿಗೆ, ಬಾಣಂತಿಗೆ, ಹಸುಗೂಸಿಗೆ, ಬೆಳಿಗ್ಗೆ ಪರೀಕ್ಷೆ ಬರೆಯಬೇಕಾದ ಹುಡುಗನಿಗೆ ಇದು ಸಣ್ಣ ತೊಂದರೆಯಲ್ಲ.

ಇನ್ನೊಂದು ಸಂಗತಿ ಬಹಳ ಜನರ ಗಮನಕ್ಕೆ ಬಂದಿಲ್ಲ. ವಯಸ್ಸಾದಂತೆ ಕಿವಿ ಮಂದವಾಗುವುದು ಸಹಜ. ಅಂಥವರಿಗೆ ಶಾಂತವಾದ ಕೋಣೆಯಲ್ಲಿ ಮಾತು ಅರ್ಥವಾಗುತ್ತದೆ, ಗದ್ದಲದಲ್ಲಿ ಒಂದಕ್ಷರವೂ ತಿಳಿಯುವುದಿಲ್ಲ. ಎದುರಿಗಿದ್ದವರು ಏನು ಹೇಳಿದರೆಂದು ಗೊತ್ತಾಗದೆ ಸುಮ್ಮನೆ ತಲೆಯಾಡಿಸಿ, ಅವಮಾನವೆನಿಸಿ, ಎದ್ದು ಮನೆಗೆ ಹೋಗಿಬಿಡುತ್ತಾರೆ. ಮಾತಿಗಾಗಿ ಬಂದವರನ್ನು ಸದ್ದು ಹೊರಗಟ್ಟಿತು. ಹಬ್ಬ ಅವರಿಗೆ ಕೊಡಬೇಕಾಗಿದ್ದ ಒಂದೇ ಔಷಧ ಅದು, ಅದೇ ಸಿಗಲಿಲ್ಲ.

‘ವರ್ಷಕ್ಕೊಂದು ದಿನ ತಾನೆ, ಸಹಿಸಿಕೊಳ್ಳಿ ಸಾರ್’ ಎಂದು ಸಮಿತಿಯ ಹುಡುಗರು ಹೇಳುತ್ತಾರೆ. ಅವರ ಲೆಕ್ಕದಲ್ಲಿ ಒಂದು ದಿನವೇ. ಆದರೆ ಹಿಂದಿನ ಬೀದಿಯದು ಇನ್ನೊಂದು ದಿನ, ಮುಂದಿನ ವೃತ್ತದ್ದು ಮತ್ತೊಂದು ದಿನ. ಮಧ್ಯದ ಮನೆಯಲ್ಲಿ ಮಲಗಿರುವ ರೋಗಿಗೆ ಎಲ್ಲವೂ ಸೇರುತ್ತವೆ.

ಇದಕ್ಕೆ ಉತ್ತರವಾಗಿ ಹಬ್ಬವನ್ನೇ ನಿಲ್ಲಿಸಿ ಎನ್ನುವವರೂ ನಮ್ಮಲ್ಲಿದ್ದಾರೆ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವವರ ಮಾತು ಅದು. ನಾನು ಅವರ ಪಕ್ಷದವನಲ್ಲ.

ಕಾನೂನು ಆಗಲೇ ಇದೆ

ಹೊಸದಾಗಿ ಕಾನೂನು ಮಾಡಬೇಕಾಗಿಲ್ಲ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಕಡ್ಡಾಯ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಅದನ್ನು ಬಳಸುವಂತಿಲ್ಲ. ಹಬ್ಬಹರಿದಿನ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ರಾತ್ರಿ 12ರವರೆಗೆ ರಿಯಾಯಿತಿ ನೀಡಬಹುದು. ಆಗಲೂ ಆಸ್ಪತ್ರೆಯ ಸುತ್ತಲಿನ ನಿಶ್ಶಬ್ದ ವಲಯಕ್ಕೆ ಈ ರಿಯಾಯಿತಿ ಅನ್ವಯಿಸದು. ಸುಪ್ರೀಂ ಕೋರ್ಟು 2005ರಲ್ಲಿ ಈ ವಿಷಯದಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ. ಆದರೆ ಪೊಲೀಸರಿಗೆ ಫೋನ್ ಮಾಡಿ ನಿಲ್ಲಿಸಿದ ಹಬ್ಬದಿಂದ ನೆರೆಹೊರೆಯಲ್ಲಿ ಹಗೆ ಉಳಿಯುತ್ತದೆ. ಹಬ್ಬಕ್ಕೆ ಒಂದು ತಿಂಗಳ ಮುಂಚೆ ಸಮಿತಿಯವರೊಡನೆ ಕುಳಿತು ಮಾತಾಡುವುದೇ ಮೇಲು.

ಏನು ಮಾತಾಡಬೇಕು? ಚಂದಾ ಕೇಳಲು ಬಂದಾಗಲೇ ಕೆಲವು ಮಾತು ಹೇಳಿ. ದೊಡ್ಡ ಪೆಟ್ಟಿಗೆಗಳ ಬದಲು ಸಣ್ಣವನ್ನು ಅಲ್ಲಲ್ಲಿ ಇಡಲಿ, ಅವು ಮನೆಗಳತ್ತ ಮುಖಮಾಡದಿರಲಿ. ಕಾರ್ಯಕ್ರಮ ಸಂಜೆ 6ಕ್ಕೆ ಆರಂಭವಾಗಿ ಒಂಬತ್ತೂವರೆಗೆ ಮುಗಿಯಲಿ. ಮುಖ್ಯ ಅತಿಥಿಗಳ ಭಾಷಣ ಕಡಿಮೆಯಾದರೆ ಇದು ಕಷ್ಟವೇನಲ್ಲ. ಮುಂದಿನ ಎರಡು ಸಾಲು ಬೆನ್ನಾನಿಕೆಯಿರುವ ಕುರ್ಚಿಗಳು ಹಿರಿಯರಿಗೆ ಮೀಸಲಿರಲಿ. ಹತ್ತಿರದ ಒಂದೆರಡು ಮನೆಯವರು ಶೌಚಾಲಯ ಬಳಸಲು ಬಾಗಿಲು ತೆರೆದಿಡಲಿ. ಮೂತ್ರದ ತೊಂದರೆಯಿರುವ ಎಷ್ಟೋ ಹಿರಿಯರು ಈ ಒಂದು ಕಾರಣಕ್ಕೇ ಹೊರಗೆ ಬರುವುದಿಲ್ಲ. ಆರ್ಕೆಸ್ಟ್ರಾ ಒಂದು ದಿನ ಇರಲಿ, ಇನ್ನೊಂದು ದಿನ ಬೀದಿಯವರದೇ ಹಾಡು, ಏಕಪಾತ್ರಾಭಿನಯ, ರಂಗೋಲಿ ಇರಲಿ.

ಇಷ್ಟರ ಮೇಲೆ ಪ್ರತಿ ಮನೆಯವರೂ ಮಾಡಬಹುದಾದದ್ದು ಒಂದಿದೆ. ನಿಮ್ಮ ಬೀದಿಯಲ್ಲಿ ಒಂಟಿಯಾಗಿರುವ ಅಜ್ಜಿಯೋ ತಾತನೋ ಇದ್ದೇ ಇರುತ್ತಾರೆ. ‘ಬನ್ನಿ’ ಎಂದು ಬಾಗಿಲಲ್ಲಿ ನಿಂತು ಹೇಳಿದರೆ ಸಾಲದು, ಅವರಿಗೊಂದು ಕೆಲಸ ಕೊಡಿ. ಹೂ ಕಟ್ಟಲು, ಕೋಸಂಬರಿಗೆ ಬೇಳೆ ನೆನೆಹಾಕಲು, ಮಕ್ಕಳಿಗೆ ಒಂದು ದೇವರನಾಮ ಹೇಳಿಕೊಡಲು ಕರೆಯಿರಿ. ಕೆಲಸವಿದ್ದವರು ತಾವಾಗಿಯೇ ಬರುತ್ತಾರೆ, ಮಾರನೆಯ ದಿನವೂ ಬರುತ್ತಾರೆ. ಅವರ ಮಾತ್ರೆಯ ಹೊತ್ತು ತಪ್ಪದಂತೆ, ಸಕ್ಕರೆ ಕಾಯಿಲೆಯಿದ್ದರೆ ಸಿಹಿ ಪೊಂಗಲ್ ಒಂದು ಚಮಚಕ್ಕೆ ನಿಲ್ಲುವಂತೆ ನೋಡಿಕೊಳ್ಳಿ.

ಈ ಸಲದ ಚಂದಾ ಪುಸ್ತಕ ನಿಮ್ಮ ಮನೆ ಬಾಗಿಲಿಗೆ ಬಂದಾಗ ಧಾರಾಳವಾಗಿ ಬರೆಸಿ. ಬರೆಸುವ ಮುನ್ನ, ಸದ್ದು ಎಷ್ಟಿರುತ್ತದೆ ಮತ್ತು ಮೂಲೆಮನೆಯ ಅಜ್ಜಿಯನ್ನು ಕರೆದಿದ್ದೀರಾ ಎಂಬ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಲು ಮರೆಯಬೇಡಿ.