ಹೆಸರಿನ ಋಣ

ಮೊನ್ನೆ ಪದವಿ ತರಗತಿಯಲ್ಲಿ ‘ಚೋಮನ ದುಡಿ’ಯ ಪಾಠ ನಡೆದಿತ್ತು. ಎತ್ತಿನ ಜೋಡಿಯಿದ್ದೂ ಉಳುವುದಕ್ಕೆ ಅಂಗೈಯಗಲ ನೆಲವಿಲ್ಲದ ಚೋಮ, ಹುಟ್ಟಿದ ಜಾತಿಯ ಕಾರಣದಿಂದಲೇ ಬೇಸಾಯಗಾರನಾಗುವ ಆಸೆಯನ್ನು ಬಿಡಬೇಕಾಗಿ ಬಂದ ಚೋಮ, ಕೊನೆಗೆ ದುಡಿಯನ್ನು ಬಾರಿಸುತ್ತ ಪ್ರಾಣ ಬಿಡುವ ಪ್ರಸಂಗಕ್ಕೆ ಬಂದಿದ್ದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಎದ್ದು ನಿಂತ. ಯಲಹಂಕದಾಚೆಯ ಹಳ್ಳಿಯವನು, ಹೆಚ್ಚು ಮಾತಿನವನಲ್ಲ. “ಸಾರ್, ನಮ್ಮೂರಿನ ಹೊಲಗಳು ಈಗ ಕಾರಂತರ ಹೆಸರಿನ ಬಡಾವಣೆಗೆ ಸೇರಿವೆ. ಆ ಹೊಲಗಳಲ್ಲಿ ನಮ್ಮಮ್ಮ ಇಪ್ಪತ್ತು ವರ್ಷ ಕೂಲಿಗೆ ಹೂ ಬಿಡಿಸಿದಳು. ಹೊಲದ ಒಡೆಯರಿಗೆ ಪರಿಹಾರದ ಮಾತಾದರೂ ಉಂಟು. ಚೋಮನ ಕಥೆ ಬರೆದವರ ಹೆಸರಿಟ್ಟ ಮೇಲೆ ನಮ್ಮಮ್ಮನಿಗೆ ಅಲ್ಲಿ ಏನುಂಟು?” ಎಂದು ಕೇಳಿದ. ತರಗತಿ ಸುಮ್ಮನಾಯಿತು, ನಾನೂ ಸುಮ್ಮನಾದೆ. ಅಷ್ಟರಲ್ಲಿ ಗಂಟೆ ಹೊಡೆದದ್ದು ನನಗೆ ಉಪಕಾರವೇ ಆಯಿತೆನ್ನಬೇಕು. ಆದರೆ ಉತ್ತರದ ಬಾಕಿ ಉಳಿಯಿತು. ಆ ಬಾಕಿಯನ್ನು ತೀರಿಸುವ ಸಲುವಾಗಿ ಈ ನಾಲ್ಕು ಮಾತು.

ಸಂಗತಿಯನ್ನು ಬಲ್ಲವರಿಗೂ ಒಮ್ಮೆ ನೆನಪಿಸುವುದು ಒಳ್ಳೆಯದು. ನಗರದ ಉತ್ತರಕ್ಕೆ, ಯಲಹಂಕ ಹೆಸರಘಟ್ಟಗಳ ಸೀಮೆಯ 17 ಹಳ್ಳಿಗಳಲ್ಲಿ 3,546 ಎಕರೆ ನೆಲವನ್ನು ಡಾ. ಕೆ. ಶಿವರಾಮ ಕಾರಂತ ಬಡಾವಣೆಗಾಗಿ ವಶಪಡಿಸಿಕೊಳ್ಳುವುದೆಂದು ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2008ರ ಡಿಸೆಂಬರಿನಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. ಸೋಮಶೆಟ್ಟಿಹಳ್ಳಿ, ಮೇಡಿ ಅಗ್ರಹಾರ, ರಾಮಗೊಂಡನಹಳ್ಳಿ, ಬ್ಯಾಲಕೆರೆ, ಗಾಣಿಗರಹಳ್ಳಿ ಮೊದಲಾದವು ಆ ಹಳ್ಳಿಗಳು. ವಿವಾದ ನ್ಯಾಯಾಲಯದ ಮೆಟ್ಟಿಲೇರಿತು. 2014ರಲ್ಲಿ ಉಚ್ಚ ನ್ಯಾಯಾಲಯವು ಅಧಿಸೂಚನೆಯನ್ನು ರದ್ದುಮಾಡಿತು. 2018ರ ಆಗಸ್ಟ್ 3ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ತಳ್ಳಿಹಾಕಿ, ಬಡಾವಣೆಯ ಕೆಲಸ ಮುಂದುವರಿಯಲೆಂದು ಆಜ್ಞಾಪಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅಂತಿಮ ಅಧಿಸೂಚನೆ ಹೊರಟಿತು. ನಡುವೆ ಕಳೆದದ್ದು ಹತ್ತು ವರ್ಷ. ಆ ಹತ್ತು ವರ್ಷ ನೆಲವು ಪೂರ್ಣವಾಗಿ ರೈತನದೂ ಅಲ್ಲ, ಪ್ರಾಧಿಕಾರದ್ದೂ ಅಲ್ಲ ಎಂಬಂತಿತ್ತು. ಅಧಿಸೂಚನೆಯ ನೆರಳು ಬಿದ್ದ ಭೂಮಿಯ ಮೇಲೆ ಸಾಲ ಹುಟ್ಟುವುದು ಕಷ್ಟ, ನ್ಯಾಯವಾದ ಬೆಲೆ ಬರುವುದು ಇನ್ನೂ ಕಷ್ಟ. ಆದರೂ ತುಂಡು ತುಂಡಾಗಿ ನೆಲ ಕೈಬದಲಾಯಿತು; ಮನೆಗಳು ಎದ್ದವು.

ಈ ವಿಷಯದಲ್ಲಿ ಮೂರು ದನಿಗಳನ್ನು ನಾವು ಕೇಳುತ್ತ ಬಂದಿದ್ದೇವೆ. ಮೊದಲನೆಯದು, ನಿವೇಶನಕ್ಕಾಗಿ ಕಾದಿರುವ ಮಧ್ಯಮವರ್ಗದವರದು. ಎರಡನೆಯದು, ಭೂಮಿಯನ್ನು ಕಳೆದುಕೊಳ್ಳುವ ಒಡೆಯರದು. ಮೂರನೆಯದು, ಕಂದಾಯ ನಿವೇಶನವನ್ನು ಕೊಂಡು ಮನೆ ಕಟ್ಟಿಕೊಂಡವರದು. ಮೂವರ ಮಾತಿನಲ್ಲೂ ನ್ಯಾಯವುಂಟು. ಬಾಡಿಗೆ ಮನೆಯಲ್ಲಿದ್ದುಕೊಂಡು ಒಂದು ಮೂವತ್ತು ನಲವತ್ತರ ನಿವೇಶನದ ಕನಸು ಕಾಣುತ್ತಿರುವ ನಾನು ಮೊದಲನೆಯ ಪಂಗಡಕ್ಕೇ ಸೇರಿದವನು. ಇದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ.

ಬಡಾವಣೆಯೇ ಬೇಡವೆನ್ನುವ ಪಕ್ಷ ನನ್ನದಲ್ಲ. 1898ರ ಪ್ಲೇಗಿನ ಹಾವಳಿಯಿಂದ ಪೇಟೆಯ ಇಕ್ಕಟ್ಟಿನ ಬೀದಿಗಳು ತತ್ತರಿಸಿದ ಮೇಲಲ್ಲವೆ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ರಸ್ತೆಗಳೊಡನೆ ರೂಪುಗೊಂಡದ್ದು? 1945ರಲ್ಲಿ ನಗರಾಭಿವೃದ್ಧಿಗೆಂದು ಟ್ರಸ್ಟ್ ಬೋರ್ಡು ಬಂದಿತು. 1976ರಲ್ಲಿ ಅದರ ಸ್ಥಾನಕ್ಕೆ ಇಂದಿನ ಪ್ರಾಧಿಕಾರ ಬಂದಿತು. ಬೆಳೆಯುವ ಊರನ್ನು ಬೆಳೆಯಬೇಡವೆಂದರೆ ಅದು ನಿಲ್ಲುವುದಿಲ್ಲ. ಚರಂಡಿಯಿಲ್ಲದೆ, ಉದ್ಯಾನವಿಲ್ಲದೆ, ಕೆರೆಯ ಕಾಲುವೆಗಳ ಮೇಲೆಯೇ ಬೆಳೆಯುತ್ತದೆ, ಅಷ್ಟೆ. ಯೋಜನೆಯಿಲ್ಲದ ಬೆಳವಣಿಗೆಯ ಫಲವನ್ನು ಪ್ರತಿ ಮಳೆಗಾಲದಲ್ಲಿಯೂ ಉಣ್ಣುತ್ತಿರುವ ನಮಗೆ ಯೋಜನೆಯ ಬೆಲೆ ಗೊತ್ತಿದೆ.

ಆದರೆ ನಾಲ್ಕನೆಯ ದನಿಯೊಂದು ಉಂಟು. ಅದನ್ನೇ ಆ ಹುಡುಗ ನನ್ನ ತರಗತಿಯಲ್ಲಿ ಎತ್ತಿದ್ದು. ಪಹಣಿಯಲ್ಲಿ ಹೆಸರಿಲ್ಲದೆ, ಆ ನೆಲದಿಂದಲೇ ಅನ್ನ ಕಂಡವರ ದನಿ ಅದು. ಕಳೆ ಕಿತ್ತವರು, ರಾಗಿ ಕೊಯ್ದವರು, ಗೇಣಿಗೆ ತುಂಡು ಹೊಲ ಮಾಡಿದವರು, ಬೀಳುನೆಲದಲ್ಲಿ ಕುರಿ ಮೇಯಿಸಿದವರು, ಇವರು ಯಾವ ಪಕ್ಷಕ್ಕೆ ಸೇರಿದವರು? ಭೂಮಿ ಕಳೆದುಕೊಂಡ ಒಡೆಯನಿಗೆ ಹಣದ ಬದಲು ಅಭಿವೃದ್ಧಿಪಡಿಸಿದ ನಿವೇಶನ ಭೂಮಿಯಲ್ಲಿ ಶೇಕಡ 40ರಷ್ಟನ್ನು ಕೊಡುವ ಏರ್ಪಾಡು ಬಂದಿದೆ, ಅದು ಆಗಬೇಕಾದದ್ದೇ. ಕೂಲಿಯವಳು ಕಳೆದುಕೊಂಡದ್ದು ಕೆಲಸವನ್ನು. ಅದಕ್ಕೆ ಸರ್ವೆ ನಂಬರಿಲ್ಲ, ಎಕರೆ ಗುಂಟೆಗಳ ಅಳತೆಯಿಲ್ಲ. ಆದಕಾರಣ ಲೆಕ್ಕದ ಪುಸ್ತಕಕ್ಕೆ ಅದು ಏರುವುದೇ ಇಲ್ಲ.

ಕಾನೂನು ಇವರನ್ನು ಕಂಡೇ ಇಲ್ಲವೆಂದು ಹೇಳುವಂತಿಲ್ಲ. ಭೂಸ್ವಾಧೀನವನ್ನು ಕುರಿತ 2013ರ ಕೇಂದ್ರ ಕಾಯಿದೆಯು, ನೆಲದ ಒಡೆತನವಿಲ್ಲದೆ ಅದರ ಮೇಲೆಯೇ ಮೂರು ವರ್ಷಗಳಿಂದ ಜೀವನ ನಡೆಸಿದ ಕೂಲಿಕಾರ, ಗೇಣಿದಾರರ ಕುಟುಂಬಗಳನ್ನೂ ಬಾಧಿತ ಕುಟುಂಬಗಳೆಂದು ಒಪ್ಪುತ್ತದೆ. ಆದರೆ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ತನ್ನದೇ ಕಾಯಿದೆಯ ಮೇರೆಗೆ ಮಾಡುವ ಸ್ವಾಧೀನಕ್ಕೆ ಇದು ಅನ್ವಯಿಸದೆಂದು ಸರ್ವೋಚ್ಚ ನ್ಯಾಯಾಲಯವು 2022ರ ಜನವರಿಯಲ್ಲಿ ಹೇಳಿತು. ತೀರ್ಪಿಗೆ ತಲೆಬಾಗೋಣ. ಕೊಡಲೇಬೇಕೆಂಬ ನಿರ್ಬಂಧ ಇಲ್ಲವೆಂದ ಮಾತ್ರಕ್ಕೆ ಕೊಡಬಾರದೆಂದು ಅರ್ಥವಾಗುವುದಿಲ್ಲವಷ್ಟೆ. ಕಾನೂನು ಬಿಟ್ಟ ಜಾಗದಲ್ಲಿ ಔದಾರ್ಯಕ್ಕೆ ಎಡೆಯುಂಟು.

ಇಲ್ಲಿಯೇ ಹೆಸರಿನ ಮಾತು ಬರುವುದು. ಬೇರೆ ಹೆಸರಿಟ್ಟಿದ್ದರೆ ನಾನು ಇಷ್ಟು ವಾದಿಸುತ್ತಿರಲಿಲ್ಲವೋ ಏನೋ. ಕಾರಂತರು ಪ್ರಶಸ್ತಿ ಫಲಕಗಳಿಗೆ ಮನಸೋತವರಲ್ಲ. ತುರ್ತುಪರಿಸ್ಥಿತಿಯ ಕಾಲದಲ್ಲಿ ಪದ್ಮಭೂಷಣವನ್ನು ಹಿಂದಿರುಗಿಸಿದವರು. ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರ ಲೋಕಸಭಾ ಚುನಾವಣೆಗೆ ನಿಂತವರು. ಅವರು ಇಂದು ಇದ್ದಿದ್ದರೆ ಏನೆನ್ನುತ್ತಿದ್ದರೆಂದು ಊಹಿಸಿ ಹೇಳುವ ಧಾರ್ಷ್ಟ್ಯ ನನಗಿಲ್ಲ. ಅವರು ಬರೆದದ್ದಂತೂ ನಮ್ಮ ಮುಂದಿದೆ. ದೊಡ್ಡವರ ಹೆಸರನ್ನು ಪಡೆಯುವುದೆಂದರೆ ಸಾಲ ಪಡೆದಂತೆ. ಆ ಹೆಸರು ಯಾವುದಕ್ಕಾಗಿ ದೊಡ್ಡದಾಯಿತೋ ಅದನ್ನು ಸ್ವಲ್ಪವಾದರೂ ನಡೆಸಿ ತೋರಿಸಿದರೆ ಋಣ ತೀರುತ್ತದೆ. ನೆಲವಿಲ್ಲದವನ ಸಂಕಟವನ್ನು ನಾಡಿಗೆ ಕೇಳಿಸಿದ ಲೇಖಕನ ಹೆಸರಿನಲ್ಲಿ ನೆಲವಿಲ್ಲದವರಿಗೇ ಇಂಬಿಲ್ಲದೆ ಹೋದರೆ, ನಾಮಫಲಕದ ಬಣ್ಣ ಎಷ್ಟು ಚೆನ್ನಾಗಿದ್ದರೇನು?

ನನ್ನ ಸಲಹೆ ದೊಡ್ಡದೇನಲ್ಲ. ಆ 17 ಹಳ್ಳಿಗಳಲ್ಲಿ 2008ಕ್ಕೆ ಮೊದಲು ನೆಲೆಸಿ, ಆ ಹೊಲಗಳಿಂದಲೇ ಬದುಕಿದ ಭೂಹೀನ ಕುಟುಂಬಗಳ ಒಂದು ಪಟ್ಟಿಯಾಗಲಿ. ಆ ಕುಟುಂಬಗಳಿಗೆ ಬಡಾವಣೆಯಲ್ಲಿಯೇ ಒಂದೊಂದು ಸಣ್ಣ ನಿವೇಶನ ಮೀಸಲಾಗಲಿ. ಉದ್ಯಾನ, ರಸ್ತೆಬದಿಯ ಮರಗಳ ಪೋಷಣೆಯ ಕೆಲಸ ಮೊದಲು ಅವರಿಗೆ ದೊರೆಯಲಿ. ಮಣ್ಣಿನ ಗುಣವನ್ನು ಅವರಿಗಿಂತ ಬಲ್ಲವರಾರು? ಬ್ಯಾಲಕೆರೆ, ಗಾಣಿಗರಹಳ್ಳಿಯಂಥ ಹೆಸರುಗಳು ಬ್ಲಾಕು, ಹಂತಗಳ ಸಂಖ್ಯೆಗಳಲ್ಲಿ ಕರಗಿಹೋಗದೆ ಬೀದಿಗಳಲ್ಲಾದರೂ ಉಳಿಯಲಿ.

ಸುಳ್ಳು ಹಕ್ಕುದಾರರು ಮುತ್ತಿಕೊಳ್ಳುತ್ತಾರೆ, ನಿಜವನ್ನು ಗೊತ್ತುಹಚ್ಚುವುದು ಹೇಗೆ ಎಂದು ಕೇಳುವವರುಂಟು. ಆಕ್ಷೇಪಣೆ ಅಲ್ಲಗಳೆಯತಕ್ಕದ್ದಲ್ಲ. ಆದರೆ ಸರ್ವೋಚ್ಚ ನ್ಯಾಯಾಲಯವು 2020ರ ಡಿಸೆಂಬರಿನಲ್ಲಿ ನೇಮಿಸಿದ ನ್ಯಾಯಮೂರ್ತಿ ಎ. ವಿ. ಚಂದ್ರಶೇಖರ್ ಸಮಿತಿಯ ಮುಂದೆ ಇದಕ್ಕಿಂತ ಸುಲಭದ ಕೆಲಸವೇನೂ ಇರಲಿಲ್ಲ. 2018ರ ಆಗಸ್ಟ್ 3ಕ್ಕೆ ಮೊದಲೇ ಎದ್ದ ಮನೆ ಯಾವುದು, ಆಮೇಲೆ ಎದ್ದದ್ದು ಯಾವುದು ಎಂಬುದನ್ನು ದಾಖಲೆಗಳಿಂದ ಪರಿಶೀಲಿಸಿ, ಸಾವಿರಾರು ಮನೆಗಳನ್ನು ಸಕ್ರಮಗೊಳಿಸುವ ದಾರಿಯನ್ನು ಆ ಸಮಿತಿ ತೋರಿತು. ಗೋಡೆಗಳ ವಯಸ್ಸನ್ನು ಗೊತ್ತುಮಾಡಬಲ್ಲ ನಮಗೆ, ಪಡಿತರ ಚೀಟಿ, ಮತದಾರರ ಪಟ್ಟಿ, ಶಾಲೆಯ ದಾಖಲೆಗಳನ್ನು ಮುಂದಿಟ್ಟುಕೊಂಡು ಒಂದು ಕುಟುಂಬ ಎಲ್ಲಿ ಬದುಕಿತ್ತೆಂದು ತಿಳಿಯುವುದು ಅಸಾಧ್ಯವೆ? ಮನಸ್ಸಿದ್ದರೆ ಸಾಧ್ಯ.

ಸಾಹಿತ್ಯವನ್ನು ಓದುವ, ಓದಿಸುವ ನಮಗೂ ಇದರಲ್ಲಿ ಪಾಲುಂಟು. ಪುಟದ ಮೇಲಿನ ಚೋಮನಿಗಾಗಿ ಕಣ್ಣು ಒದ್ದೆಮಾಡಿಕೊಂಡು, ಪರೀಕ್ಷೆಯಲ್ಲಿ ಹತ್ತು ಅಂಕದ ಉತ್ತರ ಬರೆಯಿಸಿ ಕೈತೊಳೆದುಕೊಂಡರೆ ಆ ಪಾಠ ಮುಗಿದಂತಾಗುವುದಿಲ್ಲ. ನಾಳೆ ನನಗೆ ಆ ಬಡಾವಣೆಯಲ್ಲಿ ಒಂದು ನಿವೇಶನ ದೊರೆತರೂ ದೊರೆಯಬಹುದು. ಹಾಗಾದ ಪಕ್ಷದಲ್ಲಿ, ಪಕ್ಕದ ಬೀದಿಯ ಮನೆಯಲ್ಲಿ ಆ ಹುಡುಗನ ತಾಯಿಯೂ ಇರಬೇಕೆಂಬುದು ನನ್ನ ಆಸೆ. ಮುಂದಿನ ವರ್ಷವೂ ನಾನು ‘ಚೋಮನ ದುಡಿ’ಯ ಪಾಠ ಮಾಡಬೇಕಾಗಿದೆ. ಅದೇ ಪ್ರಶ್ನೆಯನ್ನು ಮತ್ತೊಬ್ಬ ಹುಡುಗ ಕೇಳುವ ಮೊದಲು ಆ ಪಟ್ಟಿಯಲ್ಲಿ ಮೊದಲ ಹೆಸರಾದರೂ ಬಿದ್ದಿರಲಿ.