ಓಡೋ ನಾಯಿಗೆ ಮೂರು ಮೊಳದ ಸರಪಣಿ!

ಘಾಟಿ ಜಾತ್ರೆಯಲ್ಲಿ ಒಂದು ಜೊತೆ ಹೋರಿ ಕೊಳ್ಳುವ ರೈತ ಏನೇನು ನೋಡುತ್ತಾನೆ? ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾನೆ. ಮೈಮೇಲೆ ಕೆಟ್ಟ ಸುಳಿ ಇದೆಯೇ ಎಂದು ಹುಡುಕುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ. ನೊಗಕ್ಕೆ ಪಳಗಿದೆಯೋ ಇಲ್ಲವೋ ಕೇಳುತ್ತಾನೆ. ಇಷ್ಟೆಲ್ಲ ಆದ ಮೇಲೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಅದೇ ರೈತನ ಮಗ ಬಾಶೆಟ್ಟಿಹಳ್ಳಿಯಲ್ಲಿ ಶೆಡ್ಡು ಕಟ್ಟಿಸಿ, ಅದರ ಕಾವಲಿಗೊಂದು ನಾಯಿ ತರಲು ಹೊರಟರೆ ನೋಡುವುದು ಒಂದೇ ಒಂದು: ಮೊಬೈಲಿಗೆ ಬಂದ ಫೋಟೋ!

ಈಚೆಗೆ ಆ ಫೋಟೋದಲ್ಲಿ ಹೆಚ್ಚಾಗಿ ಇರುವುದು ಮುಧೋಳ ನಾಯಿ. ಸೇನೆಗೆ ಸೇರಿದ ನಾಯಿ, ಕರ್ನಾಟಕದ ಹೆಮ್ಮೆ, ಕಳ್ಳರ ಪಾಲಿನ ಯಮ ಎಂದು ದಲ್ಲಾಳಿ ಹೇಳುತ್ತಾನೆ. ಮೊದಲ ಎರಡು ಮಾತು ಸುಳ್ಳಲ್ಲ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಜತನ ಮಾಡಿ, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕಾಣಿಕೆ ಕೊಟ್ಟವರು. 2005ರಲ್ಲಿ ಅಂಚೆ ಇಲಾಖೆ ಇದರ ಚೀಟಿ ಹೊರಡಿಸಿತು. 2016ರಲ್ಲಿ ಮೀರತ್‌ನ ಸೇನಾ ಕೇಂದ್ರದಲ್ಲಿ ಇದಕ್ಕೆ ತರಬೇತಿ ಶುರುವಾಯಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರವೇ ಇದೆ. ಇಷ್ಟು ಹೆಸರು ಮಾಡಿದ ನಾಯಿಯನ್ನು ತಂದು ತಗಡಿನ ಶೆಡ್ಡಿನ ಕಂಬಕ್ಕೆ ಮೂರು ಮೊಳದ ಸರಪಣಿ ಹಾಕಿ ಕಟ್ಟಿದರೆ ಅದು ಏನು ಮಾಡಬೇಕು ಸ್ವಾಮಿ?

ಅದರ ಮೈಕಟ್ಟನ್ನಾದರೂ ಒಮ್ಮೆ ನೋಡಬೇಕು. ಉದ್ದ ಮೂತಿ, ಆಳವಾದ ಎದೆ, ಬೆನ್ನಿಗಂಟಿದ ಹೊಟ್ಟೆ, ನೀಳ ಕಾಲು. ‘ಊಟ ಹಾಕಲ್ವೇನಯ್ಯಾ’ ಎಂದು ದಾರಿಹೋಕರು ಕೇಳುತ್ತಾರೆ. ಊಟ ಹಾಕಿದರೂ ಅದು ಹಾಗೇ. ಮೊಲವನ್ನು ಬಯಲಿನಲ್ಲಿ ಅಟ್ಟಿ ಹಿಡಿಯಲೆಂದೇ ತಲೆಮಾರುಗಳಿಂದ ಆರಿಸಿ ಬೆಳೆಸಿದ ಮೈ ಅದು. ಅದು ಬೇಟೆಯಾಡುವುದು ಮೂಗಿನಿಂದಲ್ಲ, ಕಣ್ಣಿನಿಂದ. ದೂರದಲ್ಲಿ ಏನಾದರೂ ಸರಕ್ಕನೆ ಓಡಿತೋ, ಇದರ ಕಾಲು ತಡೆಯುವುದಿಲ್ಲ. ಒಮ್ಮೆ ಬಿಟ್ಟ ಮೇಲೆ ಯಜಮಾನ ಶಿಳ್ಳೆ ಹಾಕಿದರೂ ಕಿವಿಗೆ ಬೀಳದು.

ಈಗ ಲೆಕ್ಕ ಹಾಕಿ. ಹಗಲೆಲ್ಲ ಕಟ್ಟಿಹಾಕಿದ ಇಂಥ ನಾಯಿಯನ್ನು ರಾತ್ರಿ ಬಿಚ್ಚುತ್ತಾರೆ. ಅದೇ ಹೊತ್ತಿಗೆ ಸೆಕೆಂಡ್ ಶಿಫ್ಟು ಮುಗಿಯುತ್ತದೆ. ಗೇಟಿನ ಮುಂದೆ ಬೈಕು, ಸೈಕಲ್ಲು, ದೊಡ್ಡಬಳ್ಳಾಪುರದ ಕಡೆಯ ಕೊನೇ ಬಸ್ಸು ತಪ್ಪೀತೆಂದು ಓಡುವ ಹೆಂಗಸರು. ನಾಯಿಯ ಕಣ್ಣಿಗೆ ಇವೆಲ್ಲ ಏನು? ಓಡುವ ಮೊಲವೇ! ಅಟ್ಟಿತು, ಒಬ್ಬರು ಬಿದ್ದರು, ಮಂಡಿ ಒಡೆಯಿತು. ಮರುದಿನ ಟೀ ಅಂಗಡಿಯಲ್ಲಿ ತೀರ್ಪು: ‘ಆ ನಾಯಿಗೆ ಹುಚ್ಚು.’ ನಾಯಿಗೆ ಹುಚ್ಚಿಲ್ಲ, ತಂದವರಿಗೆ ಬುದ್ಧಿ ಇಲ್ಲ. (ಕಚ್ಚಿದ್ದರೆ ಮಾತ್ರ ತೀರ್ಪಿಗೆ ಕೂರದೆ, ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಮೆತ್ತುವ ಕಾಲ ಹೋಯಿತು.)

ಇನ್ನೊಂದು ಸಂಗತಿ. ಮುಧೋಳ ನಾಯಿ ಸಾಮಾನ್ಯವಾಗಿ ಒಬ್ಬ ಯಜಮಾನನನ್ನು ನಂಬುವ ನಾಯಿ. ಹೊಸಬರು ಮೈಮುಟ್ಟಿದರೆ ಆಗದು. ಕಾರ್ಖಾನೆಗಳಲ್ಲೋ, ಏಜೆನ್ಸಿಯ ವಾಚ್‌ಮನ್ ಆರು ತಿಂಗಳಿಗೊಬ್ಬ. ಅನ್ನ ಹಾಕುವ ಕೈ ಬದಲಾಗುತ್ತಲೇ ಇದ್ದರೆ ಆ ನಾಯಿ ಯಾರ ಮಾತು ಕೇಳಬೇಕು? ಮುಧೋಳದ ಕಡೆ ರೈತರ ಹೊಲದಲ್ಲಿ, ಕುರಿಗಾರರ ಹಿಂದೆ ದಿನವಿಡೀ ನಡೆಯುವ ಇದೇ ನಾಯಿ ಮಕ್ಕಳ ಜೊತೆ ತಣ್ಣಗೆ ಮಲಗುತ್ತದೆ. ವ್ಯತ್ಯಾಸ ಇರುವುದು ಸರಪಣಿಯಲ್ಲಿ.

ಕೆಲವು ಪಡ್ಡೆ ಹುಡುಗರು ಇದಕ್ಕೊಂದು ಪರಿಹಾರ ಕಂಡುಕೊಂಡಿದ್ದಾರೆ. ‘ಓಡೋ ನಾಯಿನ ಓಡಿಸ್ತೀವಿ’ ಎಂದು ಕೆರೆಯಂಗಳದಲ್ಲಿ, ನೀಲಗಿರಿ ತೋಪಿನಲ್ಲಿ ಮೊಲಕ್ಕೆ ಛೂ ಬಿಡುವುದು! ಯುಗಾದಿ ಮರುದಿನ ಹೊಸತೊಡಕಿಗೆ ಊರೇ ಬೇಟೆಗೆ ಹೋಗುತ್ತಿದ್ದ ಕಾಲ ಒಂದಿತ್ತು, ನಿಜ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಮುಗಿಯಿತು. ಆ ಕಾಯ್ದೆಯಲ್ಲಿ ಕೊಲ್ಲುವುದಷ್ಟೇ ಬೇಟೆಯಲ್ಲ, ಅಟ್ಟಿಸಿಕೊಂಡು ಹೋಗುವುದೂ ಬೇಟೆಯೇ. 2022ರ ತಿದ್ದುಪಡಿಯ ನಂತರ ದಂಡ ಒಂದು ಲಕ್ಷ ರೂಪಾಯಿವರೆಗೆ, ಜೈಲು ಮೂರು ವರ್ಷದವರೆಗೆ. ಒಂದು ಮೊಲದ ಸಾರಿಗೆ ಇದು ದುಬಾರಿಯಾಯಿತು.

ಮುಧೋಳವೊಂದೇ ಅಲ್ಲ. ಹೊಸ ಲೇಔಟಿನ ಮನೆಗಳಲ್ಲಿ ಸಾಕುವ ವಿಲಾಯಿತಿ ನಾಯಿಗಳದೂ ಇದೇ ಕಥೆ. ಮೋಟುಗಾಲಿನ ಡ್ಯಾಶ್‌ಹಂಡ್ ಜರ್ಮನಿಯವರು ಬಿಲದೊಳಗಿನ ಪ್ರಾಣಿ ಹಿಡಿಯಲು ಮಾಡಿಕೊಂಡ ನಾಯಿ. ಅದು ಗುಲಾಬಿ ಕುಂಡ ಕೆದಕಿದರೆ ಯಜಮಾನಿಗೆ ಸಿಟ್ಟು! ಬೀಗಲ್ ಮೊಲದ ಜಾಡನ್ನು ಮೂಗಿನಿಂದ ಹಿಡಿದು, ಹಿಂದೆ ಬರುವ ಬೇಟೆಗಾರರಿಗೆ ತಿಳಿಯಲೆಂದು ಊಳಿಡುತ್ತಾ ಹೋಗುವ ನಾಯಿ. ಪಕ್ಕದ ಮನೆಯವರ ಜಗಳ ಖಾಯಂ. ಲ್ಯಾಬ್ರಡಾರ್, ಗುಂಡೇಟಿಗೆ ನೀರಿನಲ್ಲಿ ಬಿದ್ದ ಹಕ್ಕಿಯನ್ನು ಹಲ್ಲು ತಾಗಿಸದೆ ಕಚ್ಚಿ ತರುವ ನಾಯಿ. ಅದರ ಬಾಯಿಗೆ ಸದಾ ಏನಾದರೂ ಬೇಕು, ಚಪ್ಪಲಿಯಾದರೂ ಸರಿ. ತಮಿಳುನಾಡಿನ ಕೊಂಬೈ, ರಾಜಪಾಳಯಂ ಕಾಡುಹಂದಿಗೆ ಎದುರು ನಿಲ್ಲುತ್ತಿದ್ದ ಗಟ್ಟಿಪಿಂಡಗಳು. ಚಿಪ್ಪಿಪಾರೈ ಮುಧೋಳದ ಹಾಗೇ ಓಟಗಾರ. ಒಂದೊಂದರ ಕಸುಬು ಒಂದೊಂದು. ಅಕ್ಕಸಾಲಿಗನನ್ನು ಕರೆದು ಬಾವಿ ತೋಡು ಎಂದರೆ?

ಬಾಗಿಲಲ್ಲಿ ಮಲಗಿ ಅಪರಿಚಿತರು ಬಂದರೆ ಬೊಗಳುವುದಷ್ಟೇ ಬೇಕಾದ ಕೆಲಸವಾದರೆ ನಮ್ಮ ಊರ ನಾಯಿಗಿಂತ ಮಿಗಿಲಾದದ್ದು ಯಾವುದು? ಬಿಸಿಲು ತಡೆಯುತ್ತದೆ, ಮುದ್ದೆ ಅನ್ನ ತಿನ್ನುತ್ತದೆ, ಕಾಸು ಕೊಡಬೇಕಿಲ್ಲ. ಆದರೆ ‘ಕಂತ್ರಿ’ ಎಂದು ಹೆಸರಿಟ್ಟು ಕಲ್ಲು ಹೊಡೆಯುವವರಿಗೆ ಅದು ಕಾಣುವುದಿಲ್ಲ.

ಕಾನೂನು ಏನು ಮಾಡುತ್ತಿದೆ ಎಂದರೆ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ: ಸದಾ ಕಟ್ಟಿಹಾಕುವ ನಾಯಿಯನ್ನು ಅಡ್ಡಾಡಿಸದಿರುವುದು ಅಪರಾಧ. ಮೊದಲ ತಪ್ಪಿಗೆ ಆಗ ಇಟ್ಟ ದಂಡ 10ರಿಂದ 50 ರೂಪಾಯಿ. ಇಂದು ಬಸ್ ಸ್ಟಾಪಿನ ಹೋಟೆಲಿನಲ್ಲಿ ಒಂದು ದೋಸೆ, ಒಂದು ಕಾಫಿಗೆ ಅದು ಸಾಲದು. 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 23 ತಳಿಗಳನ್ನು ‘ಉಗ್ರ’ ಎಂದು ಕರೆದು ನಿಷೇಧದ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರ ಮಾತು ಕೇಳಿಲ್ಲವೆಂದು ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದು ಮಾಡಿತು. ರದ್ದಾದದ್ದೇ ಒಳ್ಳೆಯದಾಯಿತು. ತಳಿಯ ಹೆಸರು ಹಿಡಿದು ನಿಷೇಧಿಸುವುದು ಸುಲಭ, ಸರಪಣಿ ಹಿಡಿದವನನ್ನು ಕೇಳುವುದೇ ಕಷ್ಟ.

ಆ ಕಷ್ಟದ ಕೆಲಸ ಬಾಶೆಟ್ಟಿಹಳ್ಳಿ ಪಟ್ಟಣ ಪಂಚಾಯಿತಿಯದು. ಅಂಗಡಿ, ಕಾರ್ಖಾನೆಗಳ ಪರವಾನಗಿ ಅರ್ಜಿಯಲ್ಲಿ ನೂರೆಂಟು ಕಾಲಂ ತುಂಬಿಸಿಕೊಳ್ಳುವವರು ಇನ್ನೂ ನಾಲ್ಕು ಸೇರಿಸಲಿ: ಆವರಣದಲ್ಲಿ ಎಷ್ಟು ನಾಯಿ ಇವೆ, ಯಾವ ಜಾತಿ, ರೇಬಿಸ್ ಲಸಿಕೆ ಎಂದು ಹಾಕಿಸಿದ್ದು, ನೋಡಿಕೊಳ್ಳುವವರ ಹೆಸರೇನು. ವರ್ಷಕ್ಕೊಮ್ಮೆ ಪಶುವೈದ್ಯರನ್ನು ಕರೆದುಕೊಂಡು ಹೋಗಿ ಆ ಸರಪಣಿಯ ಉದ್ದ ನೋಡಿ ಬರಲಿ. ಖರ್ಚು ಹೆಚ್ಚಿಲ್ಲ, ಒಂದು ಜೀಪು, ಒಂದು ದಿನ. ಮುಂದಿನ ನವೀಕರಣದ ಹೊತ್ತಿಗಾದರೂ ಆ ಕಾಲಂಗಳು ಅರ್ಜಿಯಲ್ಲಿ ಅಚ್ಚಾಗಿರಲಿ.