ಮೊಮ್ಮಗಳಿಗೆ ಎರಡು ಸೀಟು, ಅಜ್ಜನಿಗೆ ಒಂದು ಮಿಲ್ಲು

2025ರ ಜೂನಿನ ಒಂದು ಭಾನುವಾರ, ಡೊಂಬಿವಲಿಯ ಮಗಳ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಸಾರನ್ನಕ್ಕೆ ಬರುವಷ್ಟರಲ್ಲಿ ಜಗಳ ಶುರು. ಮೊಮ್ಮಗಳಿಗೆ ಎರಡು ಕಡೆ ಇಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಜೋಸಾ ಕೌನ್ಸೆಲಿಂಗಿನಲ್ಲಿ ಸುರತ್ಕಲ್ಲಿನ ಎನ್‌ಐಟಿಯಲ್ಲಿ ಎಲೆಕ್ಟ್ರಿಕಲ್. ಪುಣೆ ಕಡೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್, ಬಾಲಕ್ಕೆ ಎಐ ಬೇರೆ.

"ಕಾಲೇಜು ಯಾವುದಾದರೇನು ಮಾವ, ಬ್ರಾಂಚ್ ಮುಖ್ಯ" ಅಂತ ಅಳಿಯಂದಿರು. ಮಗಳು ಸುರತ್ಕಲ್ ಬಿಟ್ಟು ಮಾತಿಲ್ಲ. ನಿನಗೇನು ಬೇಕು ಪುಟ್ಟಿ ಅಂತ ಕೇಳಿದೆ. "ಗೊತ್ತಿಲ್ಲ ಅಜ್ಜಾ. ನಿಜವಾಗ್ಲೂ ಗೊತ್ತಿಲ್ಲ" ಅಂದಳು. ಅಪ್ಪ ಅಮ್ಮ ಇಬ್ಬರೂ ತಲೆ ಚಚ್ಚಿಕೊಂಡರು. ನನಗೋ, ಅವತ್ತು ಆ ಮನೆಯಲ್ಲಿ ಕೇಳಿದ ಅತ್ಯಂತ ಪ್ರಾಮಾಣಿಕ ಮಾತು ಅದೇ ಅನಿಸಿತು.

ನಾನು ದಾವಣಗೆರೆಯಿಂದ ಮುಂಬಯಿಗೆ ಬಂದದ್ದು 1979ರಲ್ಲಿ, ಕೈಯಲ್ಲಿ ಟೆಕ್ಸ್‌ಟೈಲ್ ಡಿಪ್ಲೊಮಾ. ಅದು ಆಗಿನ ಕಾಲದ ಕಂಪ್ಯೂಟರ್ ಸೈನ್ಸ್ ಅಂದುಕೊಳ್ಳಿ. "ಮಿಲ್ಲಿನ ಕೆಲಸ, ಸಾಯೋತನಕ ಅನ್ನ" ಅಂದಿದ್ದರು ನಮ್ಮಪ್ಪ. 1982ರ ಜನವರಿ 18ಕ್ಕೆ ದತ್ತಾ ಸಾಮಂತರ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ. ನಮ್ಮ ಮಿಲ್ಲಿನ ಭೋಂಗಾ ಮತ್ತೆ ಕೂಗಲೇ ಇಲ್ಲ. ನನಗೆ ಅನ್ನ ಹಾಕಿದ್ದು ಡಿಪ್ಲೊಮಾ ಅಲ್ಲ, ಊಟದ ಬಿಡುವಿನಲ್ಲಿ ಬಾಯ್ಲರ್ ಹೌಸಿಗೆ ಹೋಗಿ ಸುಮ್ಮನೆ ಕುತೂಹಲಕ್ಕೆ ಕಲಿತದ್ದು. ಅದರ ಬಲದ ಮೇಲೆ ಠಾಣೆಯ ಔಷಧಿ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಲೋವರ್ ಪರೇಲಿನ ಫೀನಿಕ್ಸ್ ಮಿಲ್ಲಿನ ಜಾಗದಲ್ಲಿ ಈಗ ಮಾಲ್ ಇದೆ. ಮೊಮ್ಮಗಳಿಗೆ ಅಲ್ಲಿಯೇ ಬೂಟು ಕೊಡಿಸಿದ್ದೇನೆ!

ಹಾಗಂತ ಕಂಪ್ಯೂಟರಿಗೂ ಇದೇ ಗತಿ ಅಂತ ಶಾಪ ಹಾಕುತ್ತಿಲ್ಲ. ಸಂಬಳದ ವಿಷಯದಲ್ಲಿ ಅಳಿಯಂದಿರ ಮಾತು ಸುಳ್ಳಲ್ಲ, ಸಾಲ ತೀರಿಸುವವರೂ ಅವರೇ. ನನ್ನ ತಕರಾರು ಇಷ್ಟೇ: ಏನು ಬೇಕೆಂದು ತಿಳಿಯದ ಮಗುವನ್ನು ಬೇರೆ ಬಾಗಿಲೇ ಇಲ್ಲದ ಮನೆಗೆ ಕಳಿಸಬೇಡಿ. ಆ ಖಾಸಗಿ ಕಾಲೇಜಿನ ಬ್ರಾಂಚ್ ಪಟ್ಟಿ ನೋಡಿದೆ. ಹೆಸರು ಹತ್ತು, ಎಲ್ಲವೂ ಕಂಪ್ಯೂಟರೇ. ಬೇಡವೆನಿಸಿದರೆ ಎಲ್ಲಿಗೆ ಹೋಗಬೇಕು? ಸುರತ್ಕಲ್ 1960ರಲ್ಲಿ ಕೆಆರ್‌ಇಸಿ ಅಂತ ಶುರುವಾದದ್ದು. ಸಿವಿಲ್, ಮೆಕ್ಯಾನಿಕಲ್, ಕೆಮಿಕಲ್, ಗಣಿ ಇಂಜಿನಿಯರಿಂಗ್ ಎಲ್ಲ ಒಂದೇ ಆವರಣದಲ್ಲಿವೆ. ಪಕ್ಕದ ರೂಮಿನ ಹುಡುಗಿ ಏನು ಓದುತ್ತಾಳೆ ಅಂತ ನೋಡಿಯಾದರೂ ನಾಲ್ಕು ವಿಷಯ ತಿಳಿಯುತ್ತದೆ.

"ಮೊದಲ ವರ್ಷ ಎಲ್ಲರಿಗೂ ಒಂದೇ, ಆಮೇಲೆ ಬ್ರಾಂಚ್ ಬದಲಿಸಿದರಾಯ್ತು" ಅನ್ನುವವರನ್ನು ಮಾತ್ರ ನಂಬಬೇಡಿ. ಆ ಕಾಲ ಹೋಯಿತು. ಕೆಲವು ಐಐಟಿಗಳು ಬ್ರಾಂಚ್ ಬದಲಾವಣೆಯನ್ನೇ ನಿಲ್ಲಿಸಿವೆ. ವಿಟಿಯುನಲ್ಲಿ 2022ರ ಸ್ಕೀಮ್ ಬಂದಮೇಲೆ ಮೊದಲ ವರ್ಷದಿಂದಲೇ ಸ್ಟ್ರೀಮ್ ಬೇರೆ ಬೇರೆ. ಸೀನಿಯರ್ ಹುಡುಗರ ಮಾತು ಬಿಡಿ, ಆ ವರ್ಷದ ನಿಯಮದ ಪುಸ್ತಕ ತೆರೆದು ಓದಿ.

ಇನ್ನೊಂದು ತಮಾಷೆ. ಎನ್‌ಐಟಿಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ರಾಜ್ಯ ಯಾವುದೆಂದು ನಿರ್ಧರಿಸುವುದು ಹನ್ನೆರಡನೇ ಕ್ಲಾಸ್ ಪಾಸಾದ ಊರು. ಹಾಗಾಗಿ ಮನೆಯಲ್ಲಿ ಕನ್ನಡವನ್ನೇ ಆಡುವ ನಮ್ಮ ಹುಡುಗಿಗೆ ನಾಗಪುರ ತವರು, ಸುರತ್ಕಲ್ ಪರರಾಜ್ಯ!

ಜೋಸಾದಲ್ಲಿ ಸೀಟು ಒಪ್ಪುವಾಗ ಫ್ರೀಜ್, ಫ್ಲೋಟ್, ಸ್ಲೈಡ್ ಅಂತ ಮೂರು ದಾರಿ. ಫ್ರೀಜ್ ಅಂದರೆ ಇದೇ ಸಾಕು. ಫ್ಲೋಟ್ ಅಂದರೆ ಪಟ್ಟಿಯಲ್ಲಿ ಮೇಲಿರುವುದು ಯಾವ ಕಾಲೇಜಿನಲ್ಲಿ ಸಿಕ್ಕರೂ ಸರಿ. ಸ್ಲೈಡ್ ಅಂದರೆ ಕಾಲೇಜು ಇದೇ ಇರಲಿ, ಬ್ರಾಂಚ್ ಬದಲಾದರೆ ಆಗಲಿ. ಹುಡುಗಿ ತಾನೇ ಓದಿ, ತಾನೇ ಸ್ಲೈಡ್ ಒತ್ತಿದಳು. ಕೊನೆಗೆ ಬ್ರಾಂಚ್ ಕದಲಲಿಲ್ಲ, ಎಲೆಕ್ಟ್ರಿಕಲ್ಲೇ ಉಳಿಯಿತು. ಅಳಿಯಂದಿರು ಈಗಲೂ ಸಾಫ್ಟ್‌ವೇರ್ ಸಂಬಳದ ಸುದ್ದಿ ಸಿಕ್ಕಾಗಲೆಲ್ಲ ತಪ್ಪದೆ ನನ್ನ ವಾಟ್ಸಾಪಿಗೆ ಕಳಿಸುತ್ತಾರೆ. ನಾನೂ ತಪ್ಪದೆ ಓದುತ್ತೇನೆ.